ಒಂದೇ ದೀಪದ ಮನೆ

ಟಕ್. ಟಕ್. ಟಕ್.

ಮೂರು ಬಡಿತ, ಅಷ್ಟೆ. ಕುಡಿದವರ ಬಡಿತದಂತೆ ತಡವರಿಸಿದ್ದಲ್ಲ. ಆಪತ್ತಿನಲ್ಲಿರುವವರ ಬಡಿತದಂತೆ ಅವಸರದ್ದೂ ಅಲ್ಲ. ಒಳಗೆ ಯಾರಿದ್ದಾರೆ, ಎಚ್ಚರವಾಗಲು ಅವರಿಗೆ ಎಷ್ಟು ಹೊತ್ತು ಬೇಕು ಎಂಬುದನ್ನೆಲ್ಲ ತಿಳಿದವರು ಬಡಿದಂತಿತ್ತು.

ಅವಳು ಹಾಸಿಗೆಯ ಮೇಲೆ ಎದ್ದು ಕುಳಿತಳು. ಪಕ್ಕದ ಜಾಗ ಖಾಲಿ. ಗಂಡ ರಾತ್ರಿ ಪಾಳಿಗೆ ಹೋಗಿದ್ದ. ಆಚೆ ಹಾಲಿನಲ್ಲಿ ಹಾಕಿದ್ದ ಮಂಚವೂ ಖಾಲಿ. ಮಗಳು ಓದಲೆಂದು ದೊಡ್ಡಮ್ಮನ ಮನೆಗೆ ಹೋಗಿದ್ದಳು. ಇಡೀ ಮಹಡಿಯಲ್ಲಿ ಉಸಿರಾಡುತ್ತಿರುವ ಜೀವ ತಾನೊಬ್ಬಳೇ ಎಂಬುದು ಆ ಸದ್ದು ಕೇಳುವವರೆಗೆ ಅವಳಿಗೆ ಹೊಳೆದೇ ಇರಲಿಲ್ಲ.

“ಯಾರು?”

ಮತ್ತೊಮ್ಮೆ ಕೇಳಿದಳು. “ಯಾರದು?”

ಬಾಗಿಲಾಚೆ ಮೌನ. ಆಮೇಲೆ ಮೆಟ್ಟಿಲಿಳಿಯುವ ಸದ್ದು. ಬರಿಗಾಲಿನಲ್ಲಿ ಇಳಿದಂತೆ, ಮೆತ್ತಗೆ. ಕೆಳಗೆ ಬೀದಿಬಾಗಿಲು ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು.

ಅವಳು ನೆರೆಯವರನ್ನು ಕೂಗಲಿಲ್ಲ. ಕಿಟಕಿಯತ್ತಲೂ ಓಡಲಿಲ್ಲ. ದಿಂಬಿನ ಪಕ್ಕದಲ್ಲಿದ್ದ ಕೈಟಾರ್ಚನ್ನು ಹೊತ್ತಿಸಿ, ಮಲಗುವ ಕೋಣೆ ದಾಟಿ, ಹಾಲು ದಾಟಿ, ನೇರ ಅಡುಗೆಮನೆಗೆ ನಡೆದಳು. ಕಿಟಕಿಯ ಕೆಳಗಿದ್ದ ಗೂಡಿನ ಮುಂದೆ ಮಂಡಿಯೂರಿ ಕುಳಿತು, ಮರೆಯಾಗಿಟ್ಟಿದ್ದ ಹಳೆ ಚೀಲವನ್ನು ಸರಿಸಿದಳು. ಅದರ ಹಿಂದೆ, ಯಾವ ಕಾಲದಿಂದಲೋ ಬೆಂಕಿ ಕಾಣದ ಇದ್ದಿಲಿನ ಇಸ್ತ್ರಿಪೆಟ್ಟಿಗೆಯೊಂದು ಮುದುಕನಂತೆ ಕುಕ್ಕರಿಸಿತ್ತು. ಎರಡೂ ಕೈಯಿಂದ ಅದನ್ನು ಚೂರೇ ಚೂರು ಎತ್ತಿ ನೋಡಿದಳು.

ಭಾರವಾಗಿತ್ತು. ಎಂದಿನಷ್ಟೇ ಭಾರ.

ಅವಳ ಉಸಿರು ಆಗ ಹಿಂದಿರುಗಿತು.

*

ಬೀದಿಯವರು ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು. ಮೂಲೆಯ ಲಾಂಡ್ರಿಯಲ್ಲಿ ಮದುವೆಗೆ ಮುಂಚಿನಿಂದಲೂ ನಿಂತ ಕಾಲಿನ ಮೇಲೆ ಊರವರ ಬಟ್ಟೆಯ ಸುಕ್ಕು ತೆಗೆದವಳು. ಕೈಯಲ್ಲಿ ಉಜ್ಜಿ ನೋಡಿಯೇ ಯಾವ ಬಟ್ಟೆಗೆ ಎಷ್ಟು ಕಾವು ಬೇಕೆಂದು ಹೇಳುವಳು. ಲಾಂಡ್ರಿಯ ಯಜಮಾನರಿಗೆ ಈಗ ವಯಸ್ಸಾಗಿದೆ. ಅಂಗಡಿಯನ್ನು ಯಾರಿಗಾದರೂ ವಹಿಸಿ ತಮ್ಮನ ಊರಿಗೆ ಹೋಗಿಬಿಡುವ ಮನಸ್ಸು. “ಹೊರಗಿನವರಿಗೆ ಕೊಡೋದಕ್ಕಿಂತ ನಿಂಗೆ ಕೊಡ್ತೀನಮ್ಮ. ಆದ್ರೆ ಮುಂಗಡ ಬರೋ ತಿಂಗಳ ಎರಡನೇ ಶನಿವಾರದೊಳಗೆ ಕೈಗೆ ಬರ್ಬೇಕು. ಇಲ್ದಿದ್ರೆ ಆ ಮೊಬೈಲ್ ಅಂಗಡಿಯವನು ತುದಿಗಾಲಲ್ಲಿ ನಿಂತಿದಾನೆ” ಎಂದಿದ್ದರು.

ಮುಂಗಡ ಅವಳ ಬಳಿ ಇತ್ತು. ನೋಟಿನ ರೂಪದಲ್ಲಲ್ಲ, ಬೆಳ್ಳಿಯ ರೂಪದಲ್ಲಿ.

ಬಂಗಾರದ ಅಂಗಡಿಯ ಮೆಟ್ಟಿಲು ಹತ್ತುವ ಶಕ್ತಿ ಆ ಸಂಸಾರಕ್ಕೆ ಎಂದೂ ಇರಲಿಲ್ಲ. ನೋಟುಗಳೋ, ಕೈಗೆ ಬಂದ ದಿನವೇ ಕಾಲು ಮೂಡಿಸಿಕೊಂಡು ಹೊರಟುಬಿಡುತ್ತಿದ್ದವು. ಬೆಳ್ಳಿಯನ್ನು ಮಾತ್ರ ಚೂರುಪಾರು ಕೊಳ್ಳಬಹುದಿತ್ತು. ಆಭರಣ ಬೇಡ, ಕೂಲಿ ದಂಡ. ಬರೀ ಬಿಲ್ಲೆ, ಬರೀ ಗಟ್ಟಿ. ಮೊದಮೊದಲು ಕೊಂಡದ್ದರ ಬೆಲೆ ಈಗ ಕೇಳಿದರೆ ಅವಳಿಗೇ ನಗು ಬರುತ್ತಿತ್ತು, ಅಷ್ಟು ಏರಿತ್ತು.

ಅದಕ್ಕಾಗಿ ಆ ಮನೆಯಲ್ಲಿ ಯಾವುದೂ ಪೂರ್ತಿ ಸಾಯುತ್ತಿರಲಿಲ್ಲ. ಸವೆದ ಸೋಪು ಹೊಸ ಸೋಪಿನ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಜನ್ಮ ಎತ್ತುತ್ತಿತ್ತು. ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಒಳಗೋಡೆಯನ್ನು ಬಳಿಯುತ್ತಿದ್ದರು. ಅನ್ನ ಮುಕ್ಕಾಲು ಬೇಯುತ್ತಲೇ ಒಲೆ ಆರಿಸಿ, ಪಾತ್ರೆಗೆ ಹಳೆ ಟವೆಲ್ ಸುತ್ತಿಟ್ಟರೆ ಉಳಿದದ್ದನ್ನು ಆವಿಯೇ ಬೇಯಿಸಿಕೊಡುತ್ತಿತ್ತು. ಗಂಡನ ಅಂಗಿಯ ಕಾಲರ್ ಸವೆದರೆ ಬಿಚ್ಚಿ, ಮಗುಚಿ, ಮತ್ತೆ ಹೊಲಿಯುವಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದೂ ಡಿಪೋಗೆ ನಡೆದೇ ಹೋಗುತ್ತಿದ್ದ. ರಾತ್ರಿ ಪಾಳಿ ಮುಗಿದರೆ ಮಧ್ಯಾಹ್ನದವರೆಗೆ ಒಂದು ಗ್ಯಾರೇಜಿನಲ್ಲಿ ಮತ್ತೆ ಸ್ಪ್ಯಾನರ್ ಹಿಡಿಯುತ್ತಿದ್ದ. ಹೀಗೆ ಉಳಿದದ್ದೆಲ್ಲ ತಿಂಗಳ ಮೊದಲಲ್ಲಿ ಒಂದು ಬಿಳಿ ಬಿಲ್ಲೆಯಾಗಿ ಇಸ್ತ್ರಿಪೆಟ್ಟಿಗೆಯ ಹೊಟ್ಟೆ ಸೇರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಾಯಿದೆ ದೀಪದ್ದು. ಮನೆಗೆಲ್ಲ ಒಂದೇ ದೀಪ. ಹಾಲಿನಿಂದ ಅಡುಗೆಮನೆಗೆ ಹೋಗುವವರು ಹಾಲಿನದನ್ನು ಆರಿಸಿಯೇ ಅಡುಗೆಮನೆಯದನ್ನು ಹೊತ್ತಿಸಬೇಕು. ಅವಳೂ ಅವಳ ಅಕ್ಕನೂ ಬೆಳೆದ ಮನೆಯ ಕಾಯಿದೆ ಅದು. ಅಕ್ಕ ಮದುವೆಯಾದ ಮಾರನೆಯ ದಿನವೇ ಅದನ್ನು ಬಿಟ್ಟಳು; ತಂಗಿ ಹಿಡಿದೇ ಇದ್ದಳು.

ಮಗಳು ಪರೀಕ್ಷೆಗೆ ಓದಲು ದೊಡ್ಡಮ್ಮನ ಮನೆಗೆ ಹೋಗುತ್ತಿದ್ದದ್ದೂ ಅದಕ್ಕೇ. ಅಲ್ಲಿ ದೀಪ ಆರಿಸು ಎನ್ನುವವರಿಲ್ಲ. ಲಾಂಡ್ರಿಯ ಬಟ್ಟೆಗಳಿಂದ ಉದುರಿದ ಗುಂಡಿಗಳೊಡನೆ ಆಡುತ್ತ ಬೆಳೆದವಳಾದ್ದರಿಂದ ಅವಳಿಗೆ ಗುಂಡಿ ಎಂದೇ ಹೆಸರು ನಿಂತಿತ್ತು. ಕಾಲೇಜು ಮುಗಿದ ಮೇಲೆ ಬೇರೆ ಊರಿಗೆ ಹೋಗಿ ಧ್ವನಿಮುದ್ರಣ ಕಲಿಯಬೇಕೆಂಬ ಹುಚ್ಚು ಅವಳಿಗೆ. “ಮೊದ್ಲು ಅಂಗಡಿ ನಮ್ದಾಗ್ಲಿ. ನೀನು ಕೌಂಟರಲ್ಲಿ ನಿಂತ್ರೆ ನಾನು ಧೈರ್ಯವಾಗಿ ಒಳಗೆ ಇಸ್ತ್ರಿ ಮಾಡ್ತೀನಿ. ಕಲಿಯೋದು ಆಮೇಲೆ” ಎಂದು ಅಮ್ಮ ಮಾತು ಮುಗಿಸಿದ್ದಳು.

ಬೆಳ್ಳಿ ಮನೆಯಲ್ಲಿದೆ ಎಂಬುದು ನಾಲ್ವರಿಗೆ ಗೊತ್ತಿತ್ತು: ಅವಳಿಗೆ, ಗಂಡನಿಗೆ, ಮಗಳಿಗೆ, ಅಕ್ಕನಿಗೆ. ಎಲ್ಲಿದೆ ಎಂಬುದು ಅವಳೊಬ್ಬಳಿಗೇ. ಅದು ಗಂಡನೇ ಕೇಳಿಕೊಂಡ ಏರ್ಪಾಡು. “ನಂಗೆ ಹೇಳ್ಬೇಡ ಮಾರಾಯ್ತಿ. ಗೊತ್ತಿದ್ರೆ ಒಂದಿನ ಗೆಳೆಯರ ಮುಂದೆ ಬಾಯಿ ಜಾರ್ತೀನಿ.”

ಬಡಿತದ ಸಂಗತಿಯನ್ನು ಮಾರನೆಯ ಮಧ್ಯಾಹ್ನ ಊಟಕ್ಕೆ ಕುಳಿತ ಗಂಡನಿಗೆ ಹೇಳಿದಳು.

“ಯಾರೋ ಮನೆ ತಪ್ಪಿ ಬಂದಿರ್ಬೇಕು ಬಿಡು.”

“ತಪ್ಪಿ ಬಂದವ್ರು ಯಾರು ಅಂದ್ರೆ ಮಾತಾಡಲ್ವೇನ್ರೀ?”

“ನಿನ್ನ ಗಂಟಲು ಕೇಳಿ ಹೆದರಿ ಓಡಿರ್ತಾರೆ” ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

*

ಎರಡನೆಯ ಬಡಿತ ಅದೇ ವಾರದಲ್ಲಿ ಬಂತು. ಅವೇ ಮೂರು. ಅದೇ ಮೌನ. ಈ ಸಲ ಅವಳು ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಪೆಟ್ಟಿಗೆ ಎತ್ತಿ ನೋಡಿದಳು, ಭಾರವಿತ್ತು. ಸಮಾಧಾನವಾಗದೆ ಟಾರ್ಚನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಗೋಡೆಗೊರಗಿ ಬಹಳ ಹೊತ್ತು ಕುಳಿತಳು. ಕಡೆಗೆ ಡಿಪೋಗೆ ಫೋನ್ ಮಾಡಿ ಗಂಡನನ್ನು ಕೇಳಿದಳು.

ಎತ್ತಿಕೊಂಡ ಗುಮಾಸ್ತ ಆಕಳಿಸುತ್ತ ಹೇಳಿದ: “ಸ್ಪ್ಯಾನರ್ ಅಣ್ಣ ಇವತ್ತು ಇಲ್ಲಿ ಕಂಡೇ ಇಲ್ವಲ್ಲಮ್ಮ.”

ಕಿವಿಯಲ್ಲಿ ಫೋನು ತಣ್ಣಗಾಯಿತು. ರಾತ್ರಿ ಪಾಳಿಯ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, “ಬಾಗಿಲು ಭದ್ರ” ಎಂದು ಹೇಳಿ ಹೋದವನು ಎಲ್ಲಿಗೆ ಹೋದ?

ಅವನೇ ಮಧ್ಯಾಹ್ನ ಉತ್ತರ ಕೊಟ್ಟ. ಹೆದ್ದಾರಿಯಲ್ಲಿ ಬಸ್ ಕೆಟ್ಟು ನಿಂತಿತ್ತಂತೆ. ಫೋನ್ ಬಂದದ್ದರಿಂದ ಡಿಪೋಗೂ ಹೋಗದೆ ದಾರಿಯಲ್ಲೇ ರಿಪೇರಿ ಗಾಡಿ ಹತ್ತಿದನಂತೆ. ಮಾತು ಸಲೀಸಾಗಿ ಬಂತು. ಅವನ ಮಾತು ಎಂದೂ ಸಲೀಸಾಗಿಯೇ ಬರುತ್ತಿತ್ತು. ಅವಳು ನಂಬಿದಳು, ನಂಬಿದ್ದೇನೆಂದು ತನಗೆ ತಾನೇ ಎರಡೆರಡು ಸಲ ಹೇಳಿಕೊಂಡಳು.

ಸಂಜೆ ಅಕ್ಕ ಬಂದಳು. ಬಾಗಿಲು ಬಡಿಯುವ ಅಭ್ಯಾಸ ಅವಳಿಗಿಲ್ಲ; ಎಂದಾದರೂ ಬೇಕಾದೀತೆಂದು ಕೊಟ್ಟಿದ್ದ ಕೀಲಿಯಲ್ಲಿ ತಾನೇ ತೆರೆದುಕೊಂಡು, ಮಾತಾಡುತ್ತಲೇ ಒಳಗೆ ನುಗ್ಗುವಳು. ಎರಡು ಗಲ್ಲಿಯಾಚೆ ಬ್ಯೂಟಿ ಪಾರ್ಲರ್ ನಡೆಸುವ ಅವಳು ನಡೆದಲ್ಲೆಲ್ಲ ಪೌಡರಿನ ಘಮ.

“ಏನೇ ಪುಟ್ಟಿ, ಮುಖ ಹೀಗಿದೆ? ನಿನ್ನ ಟೀ ಥರ ಬಿಳಿಚಿಕೊಂಡಿದೆ.”

“ಟೀ ಚೆನ್ನಾಗೇ ಇದೆ.”

“ಚೆನ್ನಾಗಿರುತ್ತೆ ಬಿಡು. ಈ ಟೀ ಸೊಪ್ಪು ಇದುವರೆಗೆ ಎಷ್ಟು ಸಲ ಸ್ನಾನ ಮಾಡಿದೆಯೋ, ನನಗಿಂತ ಶುದ್ಧವಾಗಿದೆ” ಎಂದು ಅಕ್ಕ ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕಳು. ಬಡಿತದ ವಿಷಯ ಕೇಳಿದ ಮೇಲೆ ಮಾತ್ರ ನಗು ನಿಂತಿತು. “ಅದನ್ನೆಲ್ಲ ನನ್ನ ಮನೇಲಿ ತಂದಿಡು. ಮುಂಗಡ ಕೊಡೋ ದಿನ ತಗೊಂಡು ಹೋಗು.”

“ನಿನ್ನ ಮನೇಲಿ? ನೀನು ಮಲಗಿದ್ರೆ ಮಂಚ ಸಮೇತ ಹೊತ್ಕೊಂಡು ಹೋದ್ರೂ ಏಳಲ್ಲ.”

“ಅದೂ ನಿಜ ಅನ್ನು. ಗುಂಡಿನೂ ಅದನ್ನೇ ಹೇಳ್ತಾಳೆ, ದೊಡ್ಡಮ್ಮನ ಗೊರಕೆ ರೆಕಾರ್ಡ್ ಮಾಡಿಟ್ಟಿದೀನಿ ಅಂತ.” ಅಕ್ಕ ಎದ್ದಳು. ಹೊರಡುವಾಗ ಪಾರ್ಲರಿಗೆ ಹೊಸ ತಿರುಗುವ ಕುರ್ಚಿಗಳು ಬಂದಿವೆಯೆಂದು ಹೇಳಿದಳು, ಚರ್ಮದ್ದಂತೆ, ಜೋಡಿಯಂತೆ. ಕೆಲವೇ ವಾರಗಳ ಹಿಂದೆ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಅಕ್ಕ.

*

ತಿಂಗಳು ಹುಟ್ಟಿತು. ಬೆಳ್ಳಿ ಅಂಗಡಿಯವರು ಅವಳನ್ನು ಕಂಡೊಡನೆ ತಕ್ಕಡಿ ಒರೆಸಿದರು.

“ಬೆಲೆ ಮತ್ತೆ ಏರಿದೆಯಮ್ಮ. ಈ ಸಲ ಚಿಕ್ಕದೇ ಬರೋದು.”

“ಚಿಕ್ಕದೇ ಕೊಡಿ. ಸಾಕ್ತೀನಿ, ದೊಡ್ಡದಾಗುತ್ತೆ.”

ಉಗುರಗಲದ ಆ ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಮನೆಗೆ ಬಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಚಿಲಕ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಹೊರಗೆಳೆದು, ಮುಚ್ಚಳ ತೆರೆದಳು. ಮೇಲೆ ಹರಡಿದ್ದ ಬೂದಿಯನ್ನು ಬೆರಳಲ್ಲಿ ಸರಿಸಿದಳು. ಚಿಕ್ಕ ಬಿಲ್ಲೆಗಳು ಬಟ್ಟೆಯ ಪೊಟ್ಟಣದಲ್ಲಿ ಇದ್ದ ಹಾಗೇ ಇದ್ದವು. ಹೊಸದನ್ನು ಅದರೊಳಗೆ ಸೇರಿಸಿ ಮುಚ್ಚಬೇಕು, ಅಷ್ಟರಲ್ಲಿ ಅವಳ ಬೆರಳಿಗೆ ಕೆಳಗೇನೋ ತರಿತರಿಯಾಗಿ ತಗುಲಿತು.

ಬೆಳ್ಳಿ ತರಿತರಿಯಾಗಿರುವುದಿಲ್ಲ.

ಪೊಟ್ಟಣ ಎತ್ತಿದಳು. ಅದರಡಿಯಲ್ಲಿ ದೊಡ್ಡ ಗಟ್ಟಿಗಳಿರಬೇಕಿದ್ದ ಜಾಗದಲ್ಲಿ, ಒತ್ತಾಗಿ, ಅಲ್ಲಾಡದಂತೆ ಜೋಡಿಸಿದ್ದ ಒಡೆದ ನೆಲಹಾಸಿನ ಕಲ್ಲುಚೂರುಗಳಿದ್ದವು.

ಅವಳು ಚೀರಲಿಲ್ಲ. ಚೀರಿದರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ಬಾಯಿಗೆ ಬೂದಿಗೈ ಒತ್ತಿಕೊಂಡು ಕುಳಿತಳು. ಚಿಕ್ಕವು ಎಷ್ಟಿದ್ದರೇನು? ಮುಂಗಡವೆಲ್ಲ ಆ ಗಟ್ಟಿಗಳಲ್ಲಿತ್ತು. ಅವು ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಮೊಬೈಲಿನವನು ಇಸ್ತ್ರಿ ಮೇಜನ್ನು ಗುಜರಿಗೆ ಹಾಕುತ್ತಾನೆ, ಜೊತೆಗೆ ಅವಳನ್ನೂ.

ಆಮೇಲೆ ಭಯ ಬೇರೊಂದು ಬಾಗಿಲಿನಿಂದ ಒಳಗೆ ಬಂತು.

ಬೀಗ ಮುರಿದಿರಲಿಲ್ಲ. ಒಂದು ಡಬ್ಬಿಯೂ ಅತ್ತಿತ್ತ ಸರಿದಿರಲಿಲ್ಲ. ಬಂದವರು ಹುಡುಕಿಲ್ಲ, ನೇರ ಇಲ್ಲಿಗೇ ಬಂದಿದ್ದಾರೆ. ಭಾರ ಕಡಿಮೆಯಾದರೆ ತನಗೆ ತಿಳಿದುಬಿಡುತ್ತದೆ ಎಂದು ಕಲ್ಲನ್ನೂ ಲೆಕ್ಕ ಹಾಕಿ ತುಂಬಿದ್ದಾರೆ. ಯಾರಿಗೂ ಹೇಳದ ಜಾಗ. ಕನಸಿನಲ್ಲೂ ಬಾಯಿಬಿಡದ ಜಾಗ.

ಗೊತ್ತಾದದ್ದು ಹೇಗೆ?

*

ಸಂಜೆ ಕೆಲಸ ಮುಗಿಸಿ ಬರುವಾಗ ಎದುರುಮನೆಯ ಜಗಲಿಯಲ್ಲಿ ಪೋಸ್ಟ್‌ಮನ್ ತಾತ ಕುಳಿತಿದ್ದರು. ನಿವೃತ್ತರಾಗಿ ಬಹಳ ಕಾಲವಾದರೂ ಬೀದಿಯ ಎಲ್ಲರ ಸುದ್ದಿಯನ್ನೂ ಅವರೇ ಹಂಚಬೇಕು.

“ಏನಮ್ಮ ಇಸ್ತ್ರಿಯಮ್ಮ, ನಿಮ್ಮ ಮನೇಲಿ ಇಲಿ ಕಾಟ ಜಾಸ್ತಿಯಾ?”

“ಇಲ್ವಲ್ಲ ತಾತ. ಯಾಕೆ?”

“ಮತ್ತೆ ಮೊನ್ನೆ ರಾತ್ರಿ ಟಾರ್ಚ್ ಹಿಡ್ಕೊಂಡು ಏನು ಬೇಟೆ? ನಂಗೆ ನಿದ್ದೆ ಬರಲ್ಲ ನೋಡು. ಇಲ್ಲೇ ಕೂತಿರ್ತೀನಿ. ಟಾರ್ಚ್ ಮಲಗೋ ಕೋಣೆಯಿಂದ ಹೊರಡ್ತು, ಹಾಲಿಗೆ ಬಂತು, ಅಡುಗೆಮನೆಗೆ ಹೋಯ್ತು, ಅಲ್ಲಿ ಕಿಟಕಿ ಕೆಳಗೆ ನೆಲದ ಹತ್ರ ಕೂತೇಬಿಡ್ತು. ಏಳಲೇ ಇಲ್ಲ!” ತಾತ ಬೊಚ್ಚು ಬಾಯಿ ಬಿಟ್ಟು ನಕ್ಕರು. “ಬೇರೆ ಮನೆಗಳಲ್ಲಾದ್ರೆ ಎಲ್ಲ ಕಿಟಕೀಲೂ ದೀಪ, ಏನೂ ತಿಳಿಯಲ್ಲ. ನಿಮ್ಮ ಮನೆ ಬೆಳಕಿಗೆ ಮಾತ್ರ ಕಾಲಿದೆಯಮ್ಮ. ಅದನ್ನ ನೋಡ್ತಾ ಕೂತ್ರೆ ನಂಗೆ ಟಿ.ವಿ. ಬೇಡ.”

ಅವಳು ತಲೆಯೆತ್ತಿದಳು. ಮೇಲೆ ನಾಲ್ಕು ಕಿಟಕಿ ಸಾಲಾಗಿದ್ದವು: ಮಲಗುವ ಕೋಣೆ, ಹಾಲು, ಅಡುಗೆಮನೆ, ಕೊನೆಯಲ್ಲಿ ಬಚ್ಚಲುಮನೆಯ ಮಬ್ಬು ಗಾಜು. ಮಗಳು ಮನೆಯಲ್ಲಿದ್ದಳು. ಹಾಲಿನ ಬೆಳಕು ಆರಿತು. ಅಡುಗೆಮನೆಯದು ಹೊತ್ತಿತು. ಅಡುಗೆಮನೆಯದು ಆರಿತು. ಮಲಗುವ ಕೋಣೆಯದು ಹೊತ್ತಿತು. ಗುಂಡಿ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬುದು ಬೀದಿಯಲ್ಲಿ ನಿಂತವರಿಗೆ ಬಾಯಿಬಿಟ್ಟು ಹೇಳಿದಷ್ಟು ಸ್ಪಷ್ಟ.

ಬಾಗಿಲು ಬಡಿದವರು ಒಳಗೆ ಬರಲು ಬಡಿದಿರಲಿಲ್ಲ. ಅವಳನ್ನು ಎಬ್ಬಿಸಲು ಬಡಿದಿದ್ದರು. ಹೆದರಿದ ಮನುಷ್ಯ ಮೊದಲು ಮುಟ್ಟಿ ನೋಡುವುದು ತನ್ನ ಗಂಟನ್ನು. ಬಡಿದು, ಕೆಳಗಿಳಿದು, ಕತ್ತಲಲ್ಲಿ ನಿಂತು, ಬೆಳಕು ನಡೆದ ದಾರಿಯನ್ನು ನೋಡಿದ್ದರು. ಮೊದಲ ಸಲ ಯಾವ ಕೋಣೆಯೆಂದು. ಎರಡನೆಯ ಸಲ ಕೋಣೆಯ ಯಾವ ಮೂಲೆಯೆಂದು. ಅವಳು ಉಳಿಸಿದ ಬೆಳಕೇ ಅವಳ ಗುಟ್ಟಿಗೆ ಕೈಮರವಾಗಿತ್ತು.

“ತಾತ, ಆವತ್ತು ಕೆಳಗೆ ಬೀದೀಲಿ ಯಾರಾದ್ರೂ ಕಂಡ್ರಾ?”

“ರಾತ್ರಿ ಕನ್ನಡಕ ತೆಗೆದಿಟ್ಟಿರ್ತೀನಲ್ಲಮ್ಮ. ಬೆಳಕು ಕಾಣುತ್ತೆ, ಮನುಷ್ಯರು ಕಾಣಲ್ಲ.”

ಅವಳು ಮೆಟ್ಟಿಲು ಹತ್ತಿದಳು. ಬೆಳಕು ನೋಡಿ ಜಾಗ ತಿಳಿಯಲು ಯಾರಿಗಾದರೂ ಸಾಧ್ಯ. ಆದರೆ ಬೀಗ ಮುರಿಯದೆ ಒಳಗೆ ಬರಲು ಕೀಲಿ ಬೇಕು. ಕೀಲಿಯಿದ್ದದ್ದು ಗಂಡನ ಬಳಿ. ಅಕ್ಕನ ಬಳಿ. ಮಗಳ ಬಳಿ.

ಪೊಲೀಸರೇ? ಅವರು ಮೊದಲು ಠಾಣೆಯ ಬೆಂಚಿನ ಮೇಲೆ ಕೂರಿಸುವುದು ಈ ಮೂವರನ್ನೇ. ಆ ಬೆಂಚಿನ ಚಿತ್ರ ಕಣ್ಣಿಗೆ ಕಟ್ಟಿದ್ದೇ ತಡ, ಅವಳು ಆ ಯೋಚನೆಯನ್ನು ಬಿಟ್ಟುಬಿಟ್ಟಳು.

*

ಭಾನುವಾರ ಅಕ್ಕನನ್ನು ಊಟಕ್ಕೆ ಕರೆದಳು. ನಾಲ್ವರೂ ಹಾಲಿನಲ್ಲಿ ಸುತ್ತ ಕುಳಿತರು. ಉಳಿದ ಬಿಲ್ಲೆಗಳನ್ನು ಅವಳು ಬಟ್ಟೆಯ ಪಟ್ಟಿಯೊಳಗೆ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಬಗ್ಗಿ ಬಡಿಸಿದಾಗಲೆಲ್ಲ ಬೆಳ್ಳಿ ಹೊಟ್ಟೆಗೆ ತಣ್ಣಗೆ ಒತ್ತುತ್ತಿತ್ತು.

“ಶನಿವಾರ ಆದ್ಮೇಲೆ ನಾವೆಲ್ಲ ಯಜಮಾನ್ತೀನ ಮೇಡಂ ಅನ್ಬೇಕಾ?” ಗಂಡ ಕೇಳಿದ.

“ಮೇಡಂ ಅನ್ನು, ಆದ್ರೆ ದೀಪ ಆರಿಸಿ ಅನ್ನು. ಕತ್ತಲಲ್ಲಿ ಅಂದ್ರೂ ಅವಳಿಗೆ ಕೇಳುತ್ತೆ” ಎಂದಳು ಅಕ್ಕ.

ಎಲ್ಲರೂ ನಕ್ಕರು. ಗುಂಡಿ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದಳು: “ಅಮ್ಮ, ನನ್ನ ಹೋದ ವರ್ಷದ ಹುಟ್ಟಿದ ದಿನ ಎಷ್ಟು ಗ್ರಾಂ ಆಯ್ತು?”

“ಏನೇ ಹಾಗಂದ್ರೆ?”

“ಕೇಕ್ ಬೇಡ, ಬಿಲ್ಲೆ ತಗೊಳ್ಳೋಣ ಅಂದ್ಯಲ್ಲ. ಸುಮ್ನೆ ಕೇಳ್ದೆ.” ನಗುತ್ತಲೇ ಅಂದಳು. ನಗುತ್ತಲೇ ನೀರು ಕುಡಿದಳು.

“ಈಗ ಮಾರಿದ್ರೆ ಒಳ್ಳೆ ಬೆಲೆ ಬರುತ್ತೆ” ಎಂದ ಗಂಡ, ಮಾತು ತಿರುಗಿಸುವವನಂತೆ. “ಅಂಗಡಿ ತಲೆನೋವು ಯಾಕೆ ಅಂತ ನಂಗೆ ಈಗ್ಲೂ ಅನ್ಸುತ್ತೆ. ಹೋಗ್ಲಿ ಬಿಡು, ನಿನ್ನಿಷ್ಟ.”

ಅವಳು ಪಾತ್ರೆ ಕೆಳಗಿಟ್ಟಳು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಮಾತು ಈಗ ನಾಲಗೆಗೆ ಭಾರವಾಯಿತು.

“ಒಂದು ಮಾತು. ಆ ಬಾಗಿಲು ಬಡಿಯೋ ಕಾಟಕ್ಕೆ ಹೆದರಿ, ಬೆಳ್ಳಿ ಇಟ್ಟಿದ್ದ ಜಾಗ ಇವತ್ತು ಬೆಳಿಗ್ಗೆ ಬದಲಾಯಿಸ್ದೆ. ಇದ್ದ ಹಾಗೇ ಎತ್ತಿ ಇಟ್ಟೆ, ಬಿಚ್ಚಿ ನೋಡ್ಲಿಲ್ಲ. ಇದರ ಜೊತೆಗೆ ಇನ್ನೊಂದು ಗಂಟೂ ಇತ್ತು, ನಿಮಗ್ಯಾರಿಗೂ ಹೇಳಿರ್ಲಿಲ್ಲ. ಎರಡನ್ನೂ ಒಂದೇ ಕಡೆ ಸೇರಿಸಿದೀನಿ. ಶನಿವಾರದ ತನಕ ನೀವೂ ಕೇಳ್ಬೇಡಿ, ನಾನೂ ಹೇಳಲ್ಲ. ಮತ್ತೆ ಈ ವಾರ ಹೋಟೆಲಿನ ಚಾದರದ ರಾಶಿ ಬಂದಿದೆ, ನಾನು ಬೆಳಿಗ್ಗೆ ಬೇಗ ಹೋಗ್ತೀನಿ.”

ಮೂವರ ಮುಖವನ್ನೂ ನೋಡಿದಳು. ಗಂಡ ಎಲುಬಿನಿಂದ ಮಾಂಸ ಬಿಡಿಸುವುದರಲ್ಲಿ ಮಗ್ನನಾಗಿದ್ದ. ಅಕ್ಕ, “ಅಬ್ಬಾ ಕಳ್ಳಿ, ಇನ್ನೊಂದು ಗಂಟಾ!” ಎಂದು ಕಣ್ಣರಳಿಸಿದಳು. ಗುಂಡಿ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಯಾವ ಮುಖದಲ್ಲೂ ಏನೂ ಬರೆದಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಹೊರಗಿನವರಾರೂ ಕೇಳದ ಮಾತು ಅದು. ಇನ್ನು ಆ ಬಡಿತ ಬಾರದೆ ಹೋದರೆ ಮನೆ ಉಳಿಯಿತು. ಬಂದರೆ?

ಬಾರದಿರಲಿ ಎಂದು ಬೇಡಿಕೊಂಡಳು. ಬೆಳ್ಳಿ ಹಾಳಾಗಿ ಹೋಗಲಿ, ಅದು ಮಾತ್ರ ಬಾರದಿರಲಿ.

*

ಟಕ್. ಟಕ್. ಟಕ್.

ಸೋಮವಾರದ ರಾತ್ರಿ. ಗಂಡ ಪಾಳಿಗೆ ಹೋಗಿದ್ದ. ಮಗಳು ದೊಡ್ಡಮ್ಮನ ಮನೆಯಲ್ಲಿದ್ದಳು.

ಕಣ್ತೆರೆದೇ ಮಲಗಿದ್ದ ಅವಳು “ಯಾರು” ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂಬ ಭಯ. ಬಾಗಿಲು ತೆರೆದು ನೋಡಬಹುದಿತ್ತು. ಕೈ ಚಿಲಕದವರೆಗೆ ಹೋಗಿ ಹಿಂದಕ್ಕೆ ಬಂತು. ಮರದ ಹಲಗೆಯಾಚೆ ಯಾರದೋ ಉಸಿರಾಟವಿತ್ತು. ತನ್ನ ಪಾತ್ರೆಯಲ್ಲಿ ಉಂಡವರ ಉಸಿರಾಟ.

ಬರಿಗಾಲು ಮೆಟ್ಟಿಲಿಳಿಯಿತು. ಕೆಳಗೆ ಬಾಗಿಲು ಕಿರುಗುಟ್ಟಿತು.

ಈಗ ನಾಟಕ ಆಡಬೇಕಿತ್ತು, ಪ್ರೇಕ್ಷಕರು ಕತ್ತಲಲ್ಲಿದ್ದರು. ಟಾರ್ಚ್ ಹೊತ್ತಿಸಿದಳು. ಮಲಗುವ ಕೋಣೆ ದಾಟಿದಳು. ಹಾಲು ದಾಟಿದಳು. ಅಡುಗೆಮನೆಯಲ್ಲಿ ಒಂದು ಕ್ಷಣವೂ ನಿಲ್ಲದೆ ಬಚ್ಚಲುಮನೆಗೆ ಹೋಗಿ, ಸ್ಟೂಲು ಹತ್ತಿ, ಬೆಳಕನ್ನು ಮೇಲಿನ ಅಟ್ಟದ ಕಡೆಗೆ ಎತ್ತಿ ಹಿಡಿದಳು. ಅಲ್ಲಿ ಒಡೆದ ಬಕೆಟ್ಟು, ತುಕ್ಕು ಹಿಡಿದ ನಲ್ಲಿಗಳ ಹೊರತು ಏನೂ ಇರಲಿಲ್ಲ. ಕೈ ಸೋಲುವವರೆಗೂ ಹಿಡಿದೇ ಇದ್ದಳು. ಮಬ್ಬುಗಾಜಿನಾಚೆ, ಕೆಳಗೆ, ಕತ್ತಲಲ್ಲಿ ಎರಡು ಕಣ್ಣು ಆ ಬೆಳಕನ್ನು ಓದುತ್ತಿದ್ದವು. ಅವಳಿಗೆ ಅವು ಕಾಣಲಿಲ್ಲ. ತನ್ನ ಮೈಮೇಲೆ ಹರಿದಾಡುತ್ತಿರುವುದು ಮಾತ್ರ ಗೊತ್ತಾಯಿತು.

ಟಾರ್ಚ್ ಆರಿಸಿದಳು. ಬೆಳಗಾಗುವವರೆಗೂ ಬಚ್ಚಲುಮನೆಯ ಹೊಸ್ತಿಲ ಮೇಲೆಯೇ ಕುಳಿತಿದ್ದಳು.

*

ಬೆಳಿಗ್ಗೆ ಎಂದಿನಂತೆ ಸಪ್ಪಳ ಮಾಡಿಕೊಂಡು ಮೆಟ್ಟಿಲಿಳಿದಳು. ತಾತನಿಗೆ ಕೇಳುವಂತೆ, “ಇವತ್ತು ಚಾದರದ ರಾಶಿ ತಾತ, ಮಧ್ಯಾಹ್ನದ ಊಟಕ್ಕೂ ಬರಲ್ಲ” ಎಂದಳು. ಗಲ್ಲಿ ಸುತ್ತಿ, ತಾತ ಸ್ನಾನಕ್ಕೆ ಒಳಗೆ ಹೋದದ್ದನ್ನು ನೋಡಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿ ಮೇಲೆ ಬಂದಳು. ಒಳಗಿನಿಂದ ಕೀಲಿ ತಿರುಗಿಸಿದಳು. ಮಲಗುವ ಕೋಣೆಯ ಪರದೆಯ ಹಿಂದೆ, ಇಸ್ತ್ರಿಗೆಂದು ತಂದಿಟ್ಟಿದ್ದ ಗಂಟುಗಳ ಮರೆಯಲ್ಲಿ ಕುಕ್ಕರಿಸಿದಳು. ಅಲ್ಲಿಂದ ಹಾಲು ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು.

ಗಂಡನೇ ಆಗಿದ್ದರೆ? ಗೆಳೆಯರ ಯಾವುದೋ ತಾಪತ್ರಯಕ್ಕೆ ಸಿಕ್ಕಿಬಿದ್ದಿರಬಹುದು. ಕಾಲರ್ ಮಗುಚಿದ ಅಂಗಿಯಲ್ಲಿ ಇಷ್ಟು ವರ್ಷ ತಲೆಯೆತ್ತಿ ನಡೆದವನು. ಬೈದು, ಅತ್ತು, ಅನ್ನ ಬಡಿಸಬಹುದು. ಅಕ್ಕನೇ ಆಗಿದ್ದರೆ? ಆ ಕುರ್ಚಿಗಳ ಚರ್ಮವನ್ನು ಬ್ಲೇಡಿನಲ್ಲಿ ಸೀಳಿ, ಇನ್ನು ಈ ಜನ್ಮದಲ್ಲಿ ಮಾತಿಲ್ಲ ಎಂದು ಬಂದುಬಿಡಬಹುದು. ಹಾಗೆಂದು ಯೋಚಿಸುತ್ತಿದ್ದಂತೆ ಅವಳಲ್ಲಿ ವಿಚಿತ್ರವಾದ ಆಸೆಯೊಂದು ಹುಟ್ಟಿತು. ಅಕ್ಕನೇ ಆಗಿರಲಿ. ಅಲ್ಲ, ಯಾರೋ ಕಳ್ಳನೇ ಆಗಿರಲಿ. ಕೀಲಿ ಕದ್ದು ನಕಲು ಮಾಡಿಸಿಕೊಂಡ, ಮುಖಕ್ಕೆ ಬಟ್ಟೆ ಕಟ್ಟಿದ, ಕೈಯಲ್ಲಿ ಚೂರಿ ಹಿಡಿದ ಕಳ್ಳ. ತನ್ನ ಮನೆಗೆ ಕಳ್ಳ ಬರಲಿ ಎಂದು ಅವಳು ಹಾರೈಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಬೀಗದಲ್ಲಿ ಕೀಲಿ ಆಡಿತು.

ಬಾಗಿಲು ತೆರೆಯಿತು, ಮುಚ್ಚಿತು. ಒಳಗೆ ಬಂದವರು ಅಲ್ಲೇ ನಿಂತು ಆಲಿಸಿದರು. ಸೊಂಟದ ಪಟ್ಟಿಯೊಳಗೆ ಬಿಲ್ಲೆಯೊಂದು ಇನ್ನೊಂದಕ್ಕೆ ತಾಗಿ ಕಿಣಿ ಎಂದಿತು. ಅದು ಆಚೆಗೆ ಕೇಳಿತೇ? ಇಲ್ಲ. ಹೆಜ್ಜೆಗಳು ಮುಂದುವರಿದವು. ಅಡುಗೆಮನೆಯಲ್ಲಿ ತಡೆಯಲಿಲ್ಲ. ಒಂದು ಡಬ್ಬಿ ಮುಟ್ಟಲಿಲ್ಲ, ಒಂದು ಗೂಡು ಎಳೆಯಲಿಲ್ಲ. ನೇರ ಬಚ್ಚಲುಮನೆಗೆ ಹೋದವು.

ಸ್ಟೂಲು ನೆಲದ ಮೇಲೆ ಕರ್ರೆಂದು ಎಳೆದ ಸದ್ದು. ಅದರ ಮೇಲೆ ಭಾರ ಬಿದ್ದು ಕಾಲು ಕಿರ್ರೆಂದ ಸದ್ದು. ಅಟ್ಟದಲ್ಲಿ ಬಕೆಟ್ಟು ಸರಿಯಿತು, ನಲ್ಲಿಗಳು ಉರುಳಿದವು. ಕೈ ಮೊದಲು ನಿಧಾನವಾಗಿ ಹುಡುಕಿತು, ಆಮೇಲೆ ಆತುರದಿಂದ, ಆಮೇಲೆ ಸಿಟ್ಟಿನಿಂದ.

ಅವಳು ಎದ್ದಳು. ಕಾಲು ಮರಗಟ್ಟಿದ್ದವು. ಪರದೆ ಸರಿಸಿ, ಹಾಲು ದಾಟಿ, ಅಡುಗೆಮನೆ ದಾಟಿ, ಬಚ್ಚಲುಮನೆಯ ಬಾಗಿಲವರೆಗೆ ಹೋಗಿ ನಿಂತಳು. ಬಾಗಿಲು ಅರೆ ತೆರೆದಿತ್ತು. ಈಗಲೂ ಹಿಂದಿರುಗಬಹುದಿತ್ತು. ಮೆಲ್ಲಗೆ ಹೊರಗೆ ಹೋಗಿ, ಏನೂ ತಿಳಿಯದವಳಂತೆ ಚಾದರಕ್ಕೆ ಇಸ್ತ್ರಿ ಹಾಕುತ್ತ, ಮೂವರನ್ನೂ ಮೊದಲಿನಂತೆಯೇ ಪ್ರೀತಿಸುತ್ತ ಬದುಕಬಹುದಿತ್ತು. ಅಂಗಡಿಯೊಂದು ಇರುತ್ತಿರಲಿಲ್ಲ, ಅಷ್ಟೆ. ಹಾಗೆ ಮಾಡು ಎಂದು ಮೈಯೆಲ್ಲ ಕೂಗುತ್ತಿತ್ತು.

ಅವಳ ಕೈ ಬಾಗಿಲನ್ನು ತಳ್ಳಿತು.

“ಅಲ್ಲಿ ಏನೂ ಇಲ್ಲ. ಕೆಳಗಿಳಿ.”

ಅಟ್ಟದೊಳಗಿನ ಕೈ ನಿಂತುಹೋಯಿತು. ಯಾವುದೋ ನಲ್ಲಿ ಜಾರಿ ನೆಲಕ್ಕೆ ಬಿದ್ದು, ಉರುಳುತ್ತ ಉರುಳುತ್ತ ಅವಳ ಪಾದದ ಬಳಿ ಬಂದು ಸುಮ್ಮನಾಯಿತು. ಸ್ಟೂಲಿನ ಮೇಲಿದ್ದ ಬೆನ್ನು ಮೆಲ್ಲಮೆಲ್ಲಗೆ ಈ ಕಡೆಗೆ ತಿರುಗಿತು.

ಗುಂಡಿ.